ಕಿನ್ನೂರಿಗೆ ಖಣ

ಗುಳೇದಗುಡ್ಡದ ಹಿಂದೆ, ಕೆಂಪು ಕಲ್ಲಿನಲ್ಲಿ
ಒಂದು ಸೀಳು ಐತಿ. ಆಡು ಕೂಡ ಒಳಗೆ ಹೋಗುವುದಿಲ್ಲ.
ಗಂಟನ್ನು ತಲೆಯ ಮೇಲೆತ್ತಿ, ಉಸಿರು ಪೂರಾ ಬಿಟ್ಟು,
ಅಡ್ಡಡ್ಡ ನುಸುಳಿದರೆ ಕಿನ್ನೂರು.

ಮುತ್ಯಾ ಏಳು ಗಂಟು ಒಯ್ಯುತ್ತಿದ್ದ:
ಸೂರ್ಯನಾರಾಯಣ, ಕಳಾವರ, ಆನಿಹೆಜ್ಜಿ,
ಮಡಚಿದರೆ ಮೂರು ಮೂಲೆ, ಬಿಚ್ಚಿದರೆ ಬೆಳಗು.
ಅಪ್ಪ ಮೂರು ಗಂಟು.
ನಾನು ಈ ಸಲ ಕೈಚೀಲದಲ್ಲಿ ಹನ್ನೊಂದು ಖಣ,
ಅದರಲ್ಲೂ ನಾಲ್ಕು ಪಾವರ್‌ಲೂಮಿನವು.
ಅವರಿಗೆಲ್ಲಿ ತಿಳೀತದ, ಅಂದುಕೊಂಡಿದ್ದೆ.

ಕಿನ್ನರರಿಗೆ ಸಾವಿಲ್ಲ ಅಂತಾರೆ. ಖರೆ.
ಸಾವಿಲ್ಲ. ಸವೆತ ಐತಿ.

ಅವರು ರೊಕ್ಕ ಕೊಡುವವರಲ್ಲ. ಖಣಕ್ಕೊಂದು ದಿನ.
ಮುತ್ಯಾ ತನ್ನ ನೂರಾ ಆರನೆಯ ವರ್ಷದಲ್ಲಿ
ಹಲ್ಲಿನಿಂದ ಕಬ್ಬು ಸಿಗಿಯುತ್ತಿದ್ದ.
ಅವನಿಗೆ ಸಿಕ್ಕದ್ದೆಲ್ಲ ಕೋರಾ ದಿನ, ಗಂಜಿಯ ವಾಸನೆಯವು.
ಅಪ್ಪನ ಪಾಲಿಗೆ ಒಗೆದ ದಿನ.
ನನಗೆ, ಯಾರೋ ಉಟ್ಟು ಬಿಟ್ಟದ್ದು.

ಹೋದ ವರ್ಷ ಒಂದನ್ನು ಬಿಚ್ಚಿದೆ.
ಬೆಳಗಾಯಿತು. ಹಾಸಿಗೆಯ ಇನ್ನೊಂದು ಮಗ್ಗುಲು ಬೆಚ್ಚಗಿತ್ತು.
ಬುಟ್ಟಿಯಲ್ಲಿ ಆರು ರೊಟ್ಟಿ ಇಟ್ಟಿದ್ದೆ, ಐದಿದ್ದವು.
ಮಗ್ಗದ ಮೇಲೆ ನಾನು ನೇಯದ ಒಂದು ಗೇಣು.
ಓಣಿಯ ಮಂದಿ ನನ್ನನ್ನು
ಆಗಲೇ ಮಾತಾಡಿಸಿ ಮುಗಿಸಿದವರ ಹಾಗೆ ನೋಡಿ
ತಮ್ಮ ಪಾಡಿಗೆ ಹೋದರು.

ಕಿನ್ನೂರಿನ ಬೀದಿ ಈಗಲೂ ಚೊಕ್ಕ.
ಗುಡಿಸುವವರಿದ್ದಾರೆಂದಲ್ಲ, ಕಸ ಮಾಡುವವರಿಲ್ಲ.
ಬಾಗಿಲುಗಳು ಎರಡಾಳೆತ್ತರ, ಎಲ್ಲ ಅರೆ ತೆರೆದವು.
ದೀಪ ಉರಿಯುತ್ತವೆ, ಅಲುಗುವುದಿಲ್ಲ.
ಖಿಡಕಿ ಖಿಡಕಿಯಲ್ಲಿ ಖಣದ ಕುಪ್ಪಸಗಳು
ತೋಳು ಕಟ್ಟಿಕೊಂಡು ನಿಂತಿರುತ್ತವೆ,
ಕೊರಳಿನ ಮೇಲೆ ಏನೂ ಇಲ್ಲದೆ.
ಶರಣ್ರಿ ಅಂದರೆ ಒಂದು ತೋಳು ತುಸು ಏಳುತ್ತದೆ.
ಅಪ್ಪ ಹೇಳಿದ್ದ: ಶರಣು ಅನ್ನು, ಬಿಡಬ್ಯಾಡ.
ತಿರುಗಿ ಏನಂತಾರಂತ ಮಾತ್ರ ನಿಲ್ಲಬ್ಯಾಡ.

ಮುಖ ಉಳಿದವಳು ಹೊನ್ನಕಂಠಿ ಒಬ್ಬಳೇ.
ಅದೂ ಬೆಳಕಿಗೆ ಹಿಡಿದ ಮಲ್ಲಿನಂಥದ್ದು.
ಹಿಂದಿನ ಗೋಡೆಯ ಬಿರುಕು
ಅವಳ ಹಣೆಯ ಮೇಲೆ ಕಾಣುತ್ತದೆ.
ಹನ್ನೊಂದನ್ನೂ ಒಂದೊಂದಾಗಿ ಮೂಗಿಗೆ ಹಿಡಿದಳು.
ನಾಲ್ಕನ್ನು ಪಕ್ಕಕ್ಕೆ ಇಟ್ಟಳು.
‘ಇದರಾಗ ಯಾರೂ ಇಲ್ಲಲ್ಲ, ಪಾರವ್ವ.’

ಆಮೇಲೆ ಪೆಟ್ಟಿಗೆ ತೆರೆದಳು. ಒಳಗೆ
ಮುತ್ಯಾನ ಖಣ, ಮುತ್ಯಾನ ಅಪ್ಪನ ಖಣ,
ಹೆಸರು ಮರೆತುಹೋದ ಮಗ್ಗಗಳ ಖಣ,
ಮಡಿಕೆ ಮುರಿಯದೆ, ಸೂಜಿ ಮುಟ್ಟದೆ.

‘ಎಲ್ಲಾ ಉಡಾಕ ಅಂದುಕೊಂಡಿದ್ದೇನು?
ಮೂಸಾಕ. ನಿಮ್ಮ ಬೆವರು ಇರತದ.
ಮುಗಿದು ಹೋಗೋ ಮಂದಿಯ ಅವಸರದ ಬೆವರು.
ಅದು ನಮಗ ಎಲ್ಲೂ ಸಿಗೂದಿಲ್ಲ.’

ಹೊರಗೆ ಯಾವುದೋ ಕುಪ್ಪಸ ಕೆಮ್ಮಿತು.
ಅವಳು ದನಿ ತಗ್ಗಿಸಿದಳು:
‘ಈ ಪೆಟ್ಟಿಗೀನೇ ಒಯ್ಯಿ.
ನಮ್ಮಲ್ಲಿ ದಿನಾ ತೀರಿದವು. ನೀನೇ ಒಂದು ಕೊಡು.
ನಿಂದು. ಯಾರೂ ಮುಟ್ಟಿರದ್ದು.’

ಏನು ಹೇಳಲಿ. ವ್ಯಾಪಾರದವರ ಮನೆಯವಳು,
ಇಲ್ಲ ಅಂದು ರೂಢಿಯಿಲ್ಲ.
ಒಂದು ಮಂಗಳವಾರ, ಅಂದೆ.
ಯಾವುದಂತ ಅವಳು ಕೇಳಲಿಲ್ಲ.
ಪೆಟ್ಟಿಗೆ ಅಲ್ಲೇ ಬಿಟ್ಟೆ, ಏಳು ಖಣವನ್ನೂ ಬಿಟ್ಟೆ.
ನಾಲ್ಕನ್ನು ನಾಚಿಕೆಗೆ ತಿರುಗಿ ತಂದೆ.

ಬರುವಾಗ ಸೀಳು ಸಲೀಸಾಗಿತ್ತು.
ಉಸಿರು ಬಿಡಬೇಕಾಗಲಿಲ್ಲ.
ಭುಜ ಎಲ್ಲೂ ಕಲ್ಲಿಗೆ ತಾಗಲಿಲ್ಲ.

ಈಗ ಸೋಮವಾರ ರಾತ್ರಿ
ರೊಟ್ಟಿ ಎಣಿಸಿ ಮಲಗುತ್ತೇನೆ.